ಹಳಿ ತಿರುಗಿಸುವ ಕೆಂಪು ಬಟನ್

ನವೆಂಬರ್ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ ಆಳಂದದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ಜೇವರ್ಗಿಯಿಂದ ಮೊದಲ ಬಸ್ಸಿಗೆ ಹೊರಟು ಬಂದ ನನ್ನ ಕಾಕಾನ ಮಗಳು ಸುವರ್ಣಾ, ಮತ್ತು ಸಾಕ್ಷಿಗಿರಲಿ ಎಂದು ನಾನೇ ಕೂರಿಸಿಕೊಂಡ ನನ್ನ ತಮ್ಮನ ಹೆಂಡತಿ ನೀಲಮ್ಮ. ನಡುವೆ ಚಾಪೆಯ ಮೇಲೆ ಬೀಗ ಹಾಕಿದ ಹಸಿರು ತಗಡಿನ ಟ್ರಂಕು. ಬೀಗದ ಕೈ ನನ್ನ ಸೊಂಟದಲ್ಲಿ. ದವಾಖಾನೆಯ ವಾರ್ಡುಗಳಲ್ಲಿ ನರ್ಸಾಗಿ ಆಯುಷ್ಯ ಕಳೆದವಳಿಗೆ ಮೊದಲು ಹೊತ್ತು ಬರೆದು ಆಮೇಲೆ ಕೆಲಸಕ್ಕೆ ಕೈ ಹಾಕುವುದು ಅಭ್ಯಾಸ, ಬರೆದೆ. ಸುವರ್ಣಾ ಅದನ್ನು ನೋಡಿ ತಾನೂ ಮೊಬೈಲ್ ತೆಗೆದು ಟ್ರಂಕಿನ ಫೋಟೊ ಹಿಡಿದಳು, ಬೀಗದ್ದು ಎರಡು ಸಲ. ಆಮೇಲೆ ಬೀಗದ ತುಕ್ಕಿನ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಇತ್ತೀಚೆಗೆ ಯಾರಾದರೂ ತೆಗೆದಿದ್ದರೇ ಎಂಬ ತಪಾಸಣೆ ಅದು. ನನಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನಾವಿಬ್ಬರೂ ಒಂದೇ ಮನೆಯವರು.

ನೀಲಮ್ಮ ಮಾತ್ರ ಬೇರೆ ಮನೆಯಿಂದ ಬಂದವಳು. ಅವಳು ನಮ್ಮಿಬ್ಬರ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

"ಪಂಚನಾಮಾ ಮುಗದ ಮ್ಯಾಲ ಚಹಾ ಇಡ್ಲೇನ್ರಿ ಅಕ್ಕಾರ, ಇಲ್ಲಾ ಚಹಾದಾಗೂ ಏನಾರ ಹಾಕ್ಯಾಳಂತೀರೋ?"

ವಾರದ ಹಿಂದೆ ಸುವರ್ಣಾ ಫೋನ್ ಮಾಡಿದ್ದಳು. ಎಂಬತ್ತೇಳರ ಸಿದ್ದಣ್ಣ ಕಾಕಾ, ನನ್ನ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ, ಇದ್ದಕ್ಕಿದ್ದಂತೆ ಹಟ ಹಿಡಿದಿದ್ದನಂತೆ: ಆಳಂದದ ಮನೆಯಲ್ಲಿರುವ ಆಟದ ರೈಲಿನ ಟ್ರಂಕು ತೆಗೆಯಬೇಕು, ತಾನು ಮಾಡಿದ ವೈರಿಂಗ್ ಸರಿ ಇತ್ತೋ ತಪ್ಪಿತ್ತೋ ಎಂದು ಮೀಟರ್ ಹಿಡಿದು ನೋಡಬೇಕು, ತಾನು ಬದುಕಿರುವಾಗಲೇ ಗೊತ್ತಾಗಬೇಕು. ಅದರಲ್ಲಿ ತಪ್ಪೇನೂ ಇರಲಿಲ್ಲ. ಫೋನ್ ಇಡುವ ಮುಂಚೆ ಅವಳು ಹೇಳಿದ ಮಾತು ನನ್ನನ್ನು ಚುಚ್ಚಿತು.

"ನಾ ಬರೂ ತನಕ ಆ ಟ್ರಂಕ್ ಮುಟ್ಟಬ್ಯಾಡ ಅಕ್ಕಾ."

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಇಷ್ಟು ವರ್ಷ ಸುಮ್ಮನಿದ್ದವರು ಈಗ ಯಾಕೆ? ಹಳೆಯ ಕಾಲದ ಆಟದ ರೈಲುಗಳಿಗೆ ಈಗ ಗಿರಾಕಿಗಳಿದ್ದಾರೆ ಎಂದು ತಮ್ಮ ಹೇಳಿದ. ಅದೂ ಇರಬಹುದು. ಜೇವರ್ಗಿಯಲ್ಲಿ ಕಾಕಾ ತೆಗೆದ ಮೋಟಾರ್ ರಿವೈಂಡಿಂಗ್ ಅಂಗಡಿಯನ್ನು ಈಗ ಸುವರ್ಣಾಳೇ ನಡೆಸುತ್ತಾಳೆ. ಅರವತ್ತೈದರ ಹೆಂಗಸು, ಸುಟ್ಟ ಪಂಪ್‌ಸೆಟ್ಟಿನ ಹೊಟ್ಟೆ ಬಗೆದು ತಾಮ್ರದ ತಂತಿ ಸುತ್ತುತ್ತಾಳೆ. ವೈರಿನ ವಿಷಯದಲ್ಲಿ ಅವಳು ಏನು ಹೇಳಿದರೂ ನಾನು ಒಪ್ಪಲೇಬೇಕಾಗುತ್ತದೆ. ನನಗೆ ಹೆದರಿಕೆಯಿದ್ದದ್ದು ಅದಕ್ಕೇ.

ನಾನು ಬೆಳೆದ ಮನೆಯಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ, ಕೇಳುತ್ತಿದ್ದರು. ತುಪ್ಪದ ಗಡಿಗೆಯ ಮೇಲೆ ಅಜ್ಜಿ ಹೊರಗಡೆಯಿಂದ ವಿಭೂತಿಯ ಗೆರೆ ಎಳೆದಿರುತ್ತಿದ್ದಳು, ತುಪ್ಪ ಆ ಗೆರೆಗಿಂತ ಕೆಳಗಿಳಿದರೆ ಕೇಳುತ್ತಿದ್ದಳು. ಮಣ್ಣೂರಿನ ಹೊಳೆದಂಡೆಯ ಮನೆಯಿಂದ ಸೊಸೆಯಾಗಿ ಬಂದ ಅವ್ವ ಮೊದಮೊದಲು ಆ ಗೆರೆ ಪೂಜೆಯದೆಂದು ತಿಳಿದು ಕೈಮುಗಿದಿದ್ದಳಂತೆ. ಅಪ್ಪ ಹಾಲಿನವನ ಹಾಲನ್ನು ಮೂಸುತ್ತಿದ್ದ, ಅಂಗಡಿಯಿಂದ ಬಂದ ಸಕ್ಕರೆಯನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದ, ನೆಂಟರು ಬಂದರೆ ಚಪ್ಪಲಿಯ ಮಣ್ಣು ನೋಡಿ ಯಾವ ದಾರಿಯಿಂದ ಬಂದರೆಂದು ಲೆಕ್ಕ ಹಾಕುತ್ತಿದ್ದ. ಬೆಳಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಲಿಂಗಪೂಜೆ, ಆರಕ್ಕೆ ಅವರವರ ಕೆಲಸ, ಏಳೂವರೆಗೆ ಊಟದ ಕೋಣೆ. ಅಪ್ಪನ ತಾಟು ಅಡ್ಡಣಿಗೆಯ ಮೇಲೆ, ನಮ್ಮವು ನೆಲದ ಮೇಲೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೊದಲ ತುತ್ತಿನ ಜೊತೆಗೆ ವರದಿ ಶುರುವಾಗುತ್ತಿತ್ತು. ಎತ್ತಿಗೆ ನೀರು ಕುಡಿಸಿದ್ದು ಯಾರು, ಬಾಗಿಲು ತೆಗೆದದ್ದು ಯಾರು, ಬೆಕ್ಕು ಒಳಗೆ ಬಂದದ್ದು ಯಾವ ಕಡೆಯಿಂದ. ಉತ್ತರ ಚಿಕ್ಕದಿರಬೇಕು, ಹೊತ್ತು ಸಮೇತ ಇರಬೇಕು. 'ಹಂಗ ಅನಸ್ತದ' ಎಂಬ ಮಾತು ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ಹನ್ನೊಂದು ವರ್ಷಕ್ಕೇ ನಾನು ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದೆನೆಂದರೆ, ಅಣ್ಣಂದಿರನ್ನು ಬಿಟ್ಟು ಅಪ್ಪ ನನಗೇ ಒಂದು ಕೆಲಸ ಒಪ್ಪಿಸಿದ್ದ. ಬಟನ್‌ಗಳ, ಅಂದರೆ ಲೈಟಿನ ಸ್ವಿಚ್ಚುಗಳ ಕೆಲಸ.

ಊರಿಗೆ ಕರೆಂಟ್ ಬಂದು ಬಹಳ ದಿನ ಆಗಿರಲಿಲ್ಲ. ಅಪ್ಪನ ಹಿಟ್ಟಿನ ಗಿರಣಿ ಎಣ್ಣೆ ಎಂಜಿನ್ನಿನಿಂದ ಮೋಟಾರಿಗೆ ಬದಲಾಗಿತ್ತು. ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಯಾರಿಗೂ ಗೊತ್ತಿಲ್ಲ. ಜೋಳದ ಬುಟ್ಟಿ ಇಟ್ಟುಕೊಂಡು ಹೆಂಗಸರು ಗಿರಣಿ ಮುಂದಿನ ಬಂಕದ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದರು. ಬಂದ ಕ್ಷಣಕ್ಕೆ ಗೊತ್ತಾಗಬೇಕು, ಗೊತ್ತಾದ ಕ್ಷಣಕ್ಕೆ ಗಿರಣಿ ಚಾಲೂ ಆಗಬೇಕು. ಅದಕ್ಕಾಗಿ ಅಪ್ಪ ಮಾಡಿದ ಕಾನೂನು ನಮ್ಮ ಕಡೆ ಈಗಲೂ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ: ಕರೆಂಟ್ ಹೋದಾಗ ಯಾವ ಬಟನ್ನೂ ಬಂದ್ ಮಾಡಬಾರದು, ಬಂದ್ ಇದ್ದದ್ದನ್ನೂ ಚಾಲೂ ಮಾಡಿಡಬೇಕು. ಎಲ್ಲೇ ಮಲಗಿರಲಿ, ಎಲ್ಲೇ ಕೂತಿರಲಿ, ದೀಪ ಹತ್ತಿದರೆ ಎದ್ದು ಓಡಬೇಕು. ಸಂಜೆ ಆರಕ್ಕೆ ಕರೆಂಟ್ ಇರದಿದ್ದರೆ ನಾನು ಮನೆ ಸುತ್ತಿ ಏಳು ಬಟನ್‌ಗಳನ್ನೂ ಚಾಲೂ ಮಾಡುತ್ತಿದ್ದೆ. ಬೆಳಗ್ಗೆ ಆರಕ್ಕೆ ಮತ್ತೆ ಸುತ್ತಿ ಎಲ್ಲವನ್ನೂ ಬಂದ್ ಮಾಡುತ್ತಿದ್ದೆ. ಏಳೂವರೆಗೆ ತಾಟಿನ ಮುಂದೆ ನನ್ನ ವರದಿ ಮೂರೇ ಪದ: "ಎಲ್ಲಾ ಬಟನ್ ಬಂದ್." ಅಪ್ಪ ತಲೆಯಾಡಿಸಿದರೆ ನನಗೆ ಆ ದಿನ ಹಬ್ಬ.

ರೈಲು ಬಂದದ್ದು ಅದೇ ವರ್ಷ. ವಾಡಿಯ ಕಡೆ ಯಾವುದೋ ಕಾರ್ಖಾನೆಯಲ್ಲಿದ್ದ ಪರದೇಶದ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಹೊರಟಾಗ, ಬಂಗಲೆಗೆ ತೊಗರಿಬೇಳೆ ಕಳಿಸುತ್ತಿದ್ದ ಅಪ್ಪನಿಗೆ ಆ ಟ್ರಂಕು ಕೊಟ್ಟುಹೋಗಿದ್ದ. ಪುಕ್ಕಟೆ ಯಾಕೆ ಕೊಟ್ಟ ಎಂದು ಅಪ್ಪ ಒಂದು ವಾರ ಟ್ರಂಕನ್ನೇ ತೆಗೆಯಲಿಲ್ಲ. ತೆಗೆದಾಗ ಒಳಗೆ ತಗಡಿನ ಎಂಜಿನ್ನು, ನಾಲ್ಕು ಡಬ್ಬಿ, ಕೂಡಿಸುವ ಹಳಿಗಳು, ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್. ಜೊತೆಗೆ ಎರಡು ವಿಚಿತ್ರ ಹಳಿಗಳು: ಒಂದು ಕಡೆ ಒಂದೇ ದಾರಿ, ಇನ್ನೊಂದು ಕಡೆ ಸೀಳಿ ಎರಡಾದ ದಾರಿ, ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ತಗಡಿನ ಡಬ್ಬಿ. ಸಿದ್ದಣ್ಣ ಕಾಕಾ ಸೊಲ್ಲಾಪುರದಲ್ಲಿ ವೈರ್‌ಮನ್ ಕೆಲಸ ಕಲಿತು ಬಂದಿದ್ದ. ರೈಲ್ವೆಯವರ ಹಾಗೆ ಅವನೂ ಅವಕ್ಕೆ ಪಾಯಿಂಟ್ ಎಂದ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವುದು ಅದೇ. ಮಾಳಿಗೆಯ ಮೇಲಿನ ಕೋಣೆಯಲ್ಲಿ ಜಮಖಾನೆ ಹಾಸಿ, ಅದರ ಮೇಲೆ ಹಳಿ ಜೋಡಿಸಿ, ಹೊಟ್ಟೆಯ ಮೇಲೆ ಮಲಗಿ ಅವನು ವೈರ್ ಎಳೆದದ್ದನ್ನು ನಾನೂ ಆರು ವರ್ಷದ ಸುವರ್ಣಾಳೂ ಮೂರು ದಿನ ಬಿಟ್ಟೂಬಿಡದೆ ನೋಡಿದೆವು. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ್ದ: ತಾಮ್ರದ ತಂತಿ ಸುತ್ತಿದ ಎರಡು ಚಿಕ್ಕ ಕಾಯಿಲ್, ನಡುವೆ ಜಾರುವ ಕಬ್ಬಿಣದ ಕಡ್ಡಿ. ಈ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕಡ್ಡಿ ಈ ಕಡೆ, ಆ ಕಾಯಿಲ್‌ಗೆ ಕೊಟ್ಟರೆ ಆ ಕಡೆ. ಕಡ್ಡಿಯ ಜೊತೆ ಹಳಿಯ ನಾಲಿಗೆಯೂ ಸರಿಯುತ್ತದೆ. ಒಂದು ಪಾಯಿಂಟಿಗೆ ಮೂರು ವೈರ್: ನಡುವಿನದು ಎರಡೂ ಕಾಯಿಲ್‌ಗೆ ಕೂಡಿದ್ದು, ಅತ್ತಿತ್ತಲಿನವು ಕೆಂಪು ಬಟನ್ನಿಗೊಂದು, ಹಸಿರು ಬಟನ್ನಿಗೊಂದು. ರೈಲಿನ ಓಟವನ್ನು ಹೆಚ್ಚುಕಡಿಮೆ ಮಾಡುವ ಗುಂಡಿಗೂ ಪಾಯಿಂಟಿನ ಕರೆಂಟಿಗೂ ಸಂಬಂಧ ಬೇಡವೆಂದು ಅವನು ಟ್ರಾನ್ಸ್‌ಫಾರ್ಮರಿನ ಬೇರೆ ಎರಡು ತಿರುಪುಗಳಿಂದ ವೈರ್ ತೆಗೆದಿದ್ದ. ಹಾಗೆ ಮಾಡಿದರೆ ರೈಲು ನಿಂತಿದ್ದಾಗಲೂ ಹಳಿ ಗಟ್ಟಿಯಾಗಿ ತಿರುಗುತ್ತದೆ.

ಮೂರು ನಿಲ್ದಾಣಗಳಿಗೆ ರಟ್ಟಿನ ಬೋರ್ಡು ಬರೆದದ್ದು ನಾನು: ಆಳಂದ, ಅಫಜಲಪುರ, ಜೇವರ್ಗಿ. ಮೂರು ಊರಿಗೂ ರೈಲಿರಲಿಲ್ಲ, ಈಗಲೂ ಇಲ್ಲ. ಸುತ್ತಿನ ಹಳಿಯ ಮೇಲೆ ಜೇವರ್ಗಿ. ಒಂದು ಪಾಯಿಂಟ್ ಆಳಂದಕ್ಕೆ ಒಯ್ಯುತ್ತಿತ್ತು, ಇನ್ನೊಂದು ಅಫಜಲಪುರಕ್ಕೆ. ಕಾಕಾ ನನ್ನ ಬೆರಳು ಹಿಡಿದು ಬಟನ್ ಒತ್ತುವುದನ್ನು ಕಲಿಸಿದ.

"ಒತ್ತು, ಬಿಡು. ಇದು ಲೈಟಿನ ಬಟನ್ ಅಲ್ಲ ಬೇ. ಬಾಗಿಲ ಬಡಿದಂಗ, ಬಡದು ಕೈ ತಗೀಬೇಕು."

ಟಕ್ ಎಂದು ಹಳಿ ಸರಿಯಿತು. ಆ ಸದ್ದಿಗೆ ಸುವರ್ಣಾ ಚಪ್ಪಾಳೆ ತಟ್ಟಿದಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಟ್ರಾನ್ಸ್‌ಫಾರ್ಮರಿನ ಗುಂಡಿಯನ್ನು ಪ್ರತಿ ಸಂಜೆ ತಾನೇ ಸೊನ್ನೆಗೆ ತಂದಿಡುವುದಾಗಿ ಹೇಳಿದ. ಈ ಕೋಣೆಯ ಬಟನ್‌ಗಳೂ ಇನ್ನು ಮೇಲೆ ನನ್ನ ಸುತ್ತಿನಲ್ಲಿ ಸೇರಿದವು ಎಂದ.

ಆಗ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ಅಪ್ಪ ಅಫಜಲಪುರದಲ್ಲಿ ಎರಡನೆಯ ಗಿರಣಿ ಹಾಕುವವನಿದ್ದ. ವೈರಿಂಗ್ ಕಾಕಾನದು, ಆಮೇಲೆ ಗಿರಣಿಯನ್ನು ನೋಡಿಕೊಳ್ಳುವವನೂ ಕಾಕಾ. ಕಾಕಿ ಆಗಲೇ ಅಲ್ಲಿಗೆ ಒಯ್ಯುವ ಪಾತ್ರೆಗಳನ್ನು ಬೇರೆ ಇಡತೊಡಗಿದ್ದಳು. ಅಪ್ಪ ಹೂಂ ಅಂದಿದ್ದ, ಆದರೆ ಪೂರ್ತಿ ಅಂದಿರಲಿಲ್ಲ. ತಮ್ಮನ ಕೈಯ ಕೆಲಸವನ್ನು ಅವನು ಇನ್ನೂ ನೋಡುತ್ತಿದ್ದ. ಮಾಳಿಗೆ ಕೋಣೆಯ ರೈಲು ನಮಗೆ ಆಟ, ಕಾಕಾನಿಗೆ ಪರೀಕ್ಷೆ.

ಒಂದು ದಿನ ಬೆಳಗ್ಗೆ ಏಳಕ್ಕೆ ಮಾಳಿಗೆಯಿಂದ ಹೊಗೆ ಇಳಿಯಿತು. ಪಕ್ಕದ ಕೋಣೆಯಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳಿದ್ದವು. ಅಪ್ಪ ಕೊಡ ಹಿಡಿದು ಓಡಿದ, ಹಿಂದೆ ಅಣ್ಣಂದಿರು. ಬೆಂಕಿ ಎದ್ದಿರಲಿಲ್ಲ, ಆಳಂದದ ಪಾಯಿಂಟಿನ ಕೆಳಗೆ ಜಮಖಾನೆ ಅಂಗೈಯಗಲ ಕಪ್ಪಾಗಿ ಒಳಗೊಳಗೇ ಉರಿದಿತ್ತು, ಡಬ್ಬಿಯ ಬಣ್ಣ ಗುಳ್ಳೆ ಎದ್ದಿತ್ತು. ಆ ದಿನ ಏಳೂವರೆಯ ಊಟಕ್ಕೆ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಎಲ್ಲರನ್ನೂ ಅಪ್ಪ ಪಡಸಾಲೆಯಲ್ಲಿ ನಿಲ್ಲಿಸಿದ. ಅಜ್ಜಿಯನ್ನೂ. ಬೆಳಗ್ಗೆ ಮೇಲೆ ಹೋದವರು ಯಾರೆಂದು ಕೇಳಿದ. ನಾನು ಮುಂದೆ ಬಂದೆ.

"ನಾ ಹೋಗಿದ್ದೆ. ಆರಕ್ಕ. ಎಲ್ಲಾ ಬಟನ್ ಬಂದ್."

ಅಪ್ಪ ಕಾಕಾನ ಕಡೆ ತಿರುಗಿದ. ಕಾಕಾ ಮೇಲೆ ಹೋಗಿ ನೋಡಿಬಂದಿದ್ದ. ಕೈಗೆ ಮಸಿ ಹತ್ತಿತ್ತು.

"ಬಟನ್ ಹಿಡೀಲಾರದ ಕಾಯಿಲ್ ಸುಡಂಗಿಲ್ಲ ಅಣ್ಣಾ. ಯಾರೋ ತಾಸಗಟ್ಲೆ ಹಿಡದಾರ."

"ತಾಸಗಟ್ಲೆ ಬಟನ್ ಹಿಡಕೊಂಡು ಕೂಡಾವ ಈ ಮನ್ಯಾಗ ಯಾವಾ? ಗುಂಡಿ ಸೊನ್ನಿ ಮ್ಯಾಲ ಅದ, ನಾ ಇಟ್ಟೇನಿ. ಬಟನ್ ಬಂದ್ ಅವ, ಹುಡುಗಿ ನೋಡ್ಯಾಳ. ಆದ್ರೂ ಸುಟ್ಟದ. ಅಂದ್ರ ನಿನ್ನ ವೈರಿಂಗ್ ತಪ್ಪದ."

ಕಾಕಾ ವಿವರಿಸಲು ಹೋದ. ಗುಂಡಿ ಸೊನ್ನೆಯಲ್ಲಿದ್ದರೂ ಪಾಯಿಂಟಿಗೆ ಕರೆಂಟ್ ಇರುತ್ತದೆ, ಅದನ್ನು ಬೇರೆ ತಿರುಪಿನಿಂದ ತೆಗೆದಿದ್ದೇನೆ ಎಂದ. ಆ 'ಬೇರೆ' ಎಂಬ ಮಾತೇ ಅವನನ್ನು ಮುಳುಗಿಸಿತು. ನನಗೆ ಹೇಳದೆ ಬೇರೆ ಯಾಕೆ ತೆಗೆದೆ, ಎಂದ ಅಪ್ಪ. ಬೇರೆ ದಾರಿಯಲ್ಲಿ ಕರೆಂಟ್ ಒಯ್ದು ಮುಚ್ಚಿಟ್ಟವನು ನಾಳೆ ಗಿರಣಿಯಲ್ಲಿ ಏನೇನು ಮುಚ್ಚಿಡುತ್ತಾನೆ? ಕಾಕಾ ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

"ಜಗದೇವಿ, ನೀ ಮ್ಯಾಲ ಹ್ವಾದಾಗ ಎಲ್ಲಾ ಬಂದ್ ಇದ್ವೇನು? ಖರೆ ಹೇಳ ಬೇ."

"ಆರಕ್ಕ ನೋಡೇನಿ ಕಾಕಾ. ಎಲ್ಲಾ ಬಟನ್ ಬಂದ್."

ಅಫಜಲಪುರದ ಗಿರಣಿಯ ವೈರಿಂಗ್ ಬೇರೆ ಊರಿನ ಯಾರಿಗೋ ಹೋಯಿತು. ಒಂದು ತಿಂಗಳೊಳಗೆ ಕಾಕಾ ಹೆಂಡತಿ ಮಗಳನ್ನು ಕರೆದುಕೊಂಡು ಜೇವರ್ಗಿಗೆ ಹೋದ. ಕಾಕಿ ಬೇರೆ ಇಟ್ಟಿದ್ದ ಪಾತ್ರೆಗಳಲ್ಲಿ ಒಂದನ್ನೂ ಒಯ್ಯಲಿಲ್ಲ. ಅಪ್ಪ ರೈಲನ್ನು ವೈರ್ ಬಿಚ್ಚದೆ ಹಾಗೆಯೇ ಮಡಚಿ ಟ್ರಂಕಿಗೆ ತುಂಬಿ ಬೀಗ ಹಾಕಿದ. ಸಾಕ್ಷಿ ಹಾಳಾಗಬಾರದು ಎಂದ. ಮದುವೆ, ಸಾವುಗಳಲ್ಲಿ ಎರಡೂ ಮನೆಯವರು ಬರುತ್ತಿದ್ದರು, ಉಣ್ಣುತ್ತಿದ್ದರು, ಹೋಗುತ್ತಿದ್ದರು. ಕಾಕಾ ನಮ್ಮ ಮನೆಯ ಪಡಸಾಲೆ ದಾಟಿ ಒಳಗೆ ಬರಲಿಲ್ಲ. ಅಪ್ಪ ಅವನ ಅಂಗಡಿಯ ಮುಂದೆ ಹಾದರೂ ಒಳಗೆ ಕಾಲಿಡಲಿಲ್ಲ. ಅಪ್ಪ ಸಾಯುವ ತನಕ ಒಂದು ಮಾತು ಹೇಳುತ್ತಿದ್ದ: ಆ ದಿನ ಜಗದೇವಿ ಆರಕ್ಕೆ ನೋಡಿರದಿದ್ದರೆ ನಾನು ತಮ್ಮನ ಮಾತು ನಂಬಿ ಮೋಸ ಹೋಗುತ್ತಿದ್ದೆ. ಆ ಮಾತಿನ ಮೇಲೆ ನಾನು ಬೆಳೆದೆ. ದವಾಖಾನೆಯಲ್ಲಿ ಬೇರೆ ನರ್ಸ್ ತುಂಬಿಟ್ಟ ಸೂಜಿಯನ್ನು ನಾನು ಚುಚ್ಚುತ್ತಿರಲಿಲ್ಲ, ಬೇರೆಯವರು ಬರೆದ ಜ್ವರದ ಅಂಕಿಯನ್ನು ಮತ್ತೆ ನೋಡದೆ ಬಿಡುತ್ತಿರಲಿಲ್ಲ. ನನ್ನ ಕೈಕೆಳಗಿನ ಹುಡುಗಿಯರು ನನ್ನನ್ನು ಹಿಂದಿನಿಂದ ಫೌಜದಾರ್ ಎನ್ನುತ್ತಿದ್ದರು. ಗೊತ್ತಿತ್ತು. ಎಲ್ಲರನ್ನೂ ಮತ್ತೆ ಮತ್ತೆ ನೋಡಿದೆ. ನನ್ನನ್ನು ಮತ್ತೆ ನೋಡಿಕೊಳ್ಳಲಿಲ್ಲ, ಯಾಕೆಂದರೆ ನೋಡುವವಳು ನಾನು.

ಹತ್ತು ಗಂಟೆಗೆ ಟ್ರಂಕು ತೆಗೆದೆ. ಒಪ್ಪಂದ ಹೀಗಿತ್ತು: ಮೊದಲು ಏನನ್ನೂ ಬಿಚ್ಚಬಾರದು. ಕಾಕಾ ಕಟ್ಟಿದ ವೈರ್ 'ಇಲ್ಲಿಂದ ಇಲ್ಲಿಗೆ' ಎಂದು ಸುವರ್ಣಾ ಮೀಟರ್ ಹಿಡಿದು ಹೇಳಬೇಕು, ನಾನು ಬರೆಯಬೇಕು, ನೀಲಮ್ಮ ನೋಡಬೇಕು. ಬಟ್ಟೆ ಸುತ್ತಿದ ಹಳೆಯ ವೈರ್ ಮುಟ್ಟಿದರೆ ಪುಡಿಯಾಗುತ್ತಿತ್ತು, ಆದರೆ ಒಳಗಿನ ತಾಮ್ರ ಹಾಗೇ ಇತ್ತು. ಮೀಟರಿನ ಒಂದು ಮೊನೆಯನ್ನು ಟ್ರಾನ್ಸ್‌ಫಾರ್ಮರಿನ ತಿರುಪಿಗೆ, ಇನ್ನೊಂದನ್ನು ಪಾಯಿಂಟಿನ ನಡುವಿನ ತಿರುಪಿಗೆ ಇಟ್ಟಳು. ಮೀಟರ್ ಕೂಗಿತು, ಅಂದರೆ ಎರಡೂ ಕೂಡಿವೆ. ಬರೆದೆ. ಹೀಗೆ ಒಂದೊಂದಾಗಿ ಹನ್ನೊಂದೂವರೆಯವರೆಗೆ. ಅವಳು ಹೇಳಿದ್ದನ್ನು ಒಪ್ಪದೆ ನಾಲ್ಕು ಸಲ ಮೀಟರನ್ನು ನಾನೇ ಹಿಡಿದು ನೋಡಿದೆ. ನಾಲ್ಕು ಸಲವೂ ಕೂಗಿತು. ಹಳೆಯ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಕೊಡುವುದು ಅಪಾಯವೆಂದು ಅವಳು ಅಂಗಡಿಯಿಂದ ಹೊಸದೊಂದನ್ನು ತಂದಿದ್ದಳು. ಅದರಿಂದ ಎರಡು ಹೊಸ ವೈರ್ ಎಳೆದು, ಕಾಕಾನ ಜೋಡಣೆಗೆ ಕೈ ಹಚ್ಚದೆ, ಅಫಜಲಪುರದ ಪಾಯಿಂಟಿಗೆ ಕೊಟ್ಟಳು. ಬಟನ್ ಬಡಿದು ಬಿಟ್ಟಳು. ಕಡ್ಡಿ ಅಲುಗಲಿಲ್ಲ. ಒಂದು ಹನಿ ಎಣ್ಣೆ ಬಿಟ್ಟು ಮತ್ತೆ ಬಡಿದಳು. ಟಕ್. ನೀಲಮ್ಮ ಬೆಚ್ಚಿದಳು. ಆಳಂದದ ಪಾಯಿಂಟಿನಲ್ಲಿ ಒಂದು ಕಾಯಿಲ್ ಟಕ್ ಎಂದಿತು, ಇನ್ನೊಂದು ಸತ್ತಿತ್ತು. ಸುವರ್ಣಾ ಡಬ್ಬಿಯನ್ನು ಬೋರಲು ಹಾಕಿ ಸತ್ತ ಕಾಯಿಲ್ಲನ್ನು ಹೊರಗೆಳೆದು ಅಂಗೈಯಲ್ಲಿಟ್ಟಳು. ಸುಟ್ಟ ಬೆಲ್ಲದ ಬಣ್ಣ.

"ವೈರಿಂಗ್ ತಪ್ಪಿದ್ರ ಎರಡೂ ಪಾಯಿಂಟ್ ಹಾಳಾಗತಿದ್ವು. ಇದೊಂದಽ ಕಾಯಿಲ್ ಹೋಗ್ಯಾದ. ಇದನ್ನ ಬಟನ್ ಹಿಡಿದು ಸುಟ್ಟಾರ ಅಕ್ಕಾ."

"ಯಾರು?"

"ದೊಡ್ಡಪ್ಪ. ಅಪ್ಪಗ ಗಿರಣಿ ಕೊಡಬಾರದಂತ. ನಮ್ಮ ಮನ್ಯಾಗ ಮೊದಲಿಂದ ಹಂಗಽ ಅಂತೀವಿ."

ಅಪ್ಪ ಯಾರನ್ನೂ ನಂಬದವನು, ನಿಜ. ಆದರೆ ಹತ್ತಿಯ ಅಂಡಿಗೆಗಳ ಪಕ್ಕ ಬೆಂಕಿ ಹಚ್ಚಿ ತಮ್ಮನನ್ನು ಹೊರಗೆ ಹಾಕುವವನಲ್ಲ. ಅಂಥ ಕೆಲಸ ಮಾಡುವವನಾಗಿದ್ದರೆ ಅವನಿಗೆ ಅಷ್ಟು ಅನುಮಾನ ಬೇಕಿರಲಿಲ್ಲ. ಅಪ್ಪ ಆ ಕೆಂಪು ಬಟನ್ನನ್ನು ಒಮ್ಮೆಯೂ ಮುಟ್ಟಿದವನಲ್ಲ ಎಂದೆ, ಜೋರಾಗಿಯೇ.

ಸುವರ್ಣಾ ಸತ್ತ ಕಾಯಿಲ್‌ಗೆ ಬರುತ್ತಿದ್ದ ವೈರಿಗೆ ಮೀಟರಿನ ಒಂದು ಮೊನೆ ಇಟ್ಟು, ಇನ್ನೊಂದನ್ನು ನಾಲ್ಕು ಬಟನ್‌ಗಳ ತಿರುಪಿಗೆ ಸರದಿಯಂತೆ ಮುಟ್ಟಿಸಿದಳು. ಮೂರನೆಯದಕ್ಕೆ ಕೂಗಿತು. ನಾಲ್ಕು ಬಟನ್‌ಗಳ ಬಣ್ಣವೂ ಎಂದೋ ಹೋಗಿ ಎಲ್ಲವೂ ಬರೀ ತಗಡಾಗಿದ್ದವು. ಉಗುರಿನಿಂದ ಆ ಬಟನ್ನಿನ ಅಂಚು ಕೆರೆದಳು. ಕೆಳಗೆ ಸಾಸಿವೆಯಷ್ಟು ಕೆಂಪು ಉಳಿದಿತ್ತು.

"ಕೆಂಪು ಅಂತ ನಿನಗ ಹ್ಯಾಂಗ ಗೊತ್ತು?"

"ಆಡತಿದ್ವಿ ಅಲ್ಲ."

"ನಾನೂ ಆಡೇನಿ. ನಾಲ್ಕರಾಗ ಸುಟ್ಟಿದ್ದು ಕೆಂಪಂತ ನನಗ ಈಗ ಗೊತ್ತಾತು. ನಿನಗ ಹ್ಯಾಂಗ ಗೊತ್ತಿತ್ತು ಅಕ್ಕಾ?"

ಹನ್ನೆರಡು ಗಂಟೆಯಿಂದ ಹನ್ನೆರಡೂಕಾಲರವರೆಗೆ ನಾನು ಏನೂ ಬರೆಯಲಿಲ್ಲ. ನನಗೆ ಕಂಡದ್ದು ಇದು. ಹೊಗೆ ಕಂಡ ಹಿಂದಿನ ಸಂಜೆ, ಆರು ಗಂಟೆ, ಕರೆಂಟ್ ಇಲ್ಲ. ಏಳು ಬಟನ್ ಚಾಲೂ ಮಾಡಿ ಮಾಳಿಗೆ ಕೋಣೆಗೆ ಹೋಗುತ್ತೇನೆ. ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಕೊಡುವ ಗೋಡೆಯ ಬಟನ್ ಹಾಕುತ್ತೇನೆ. ರೈಲಿನ ಬಟನ್ ಒತ್ತಿದರೆ ನಿಲ್ಲುವುದಿಲ್ಲ, ಸ್ಪ್ರಿಂಗ್ ಮೇಲಕ್ಕೆ ಎಸೆಯುತ್ತದೆ. ಮನೆಯ ಎಲ್ಲ ಬಟನ್ ಚಾಲೂ ಇರಬೇಕು, ಈ ಕೋಣೆಯವೂ ನನ್ನ ಸುತ್ತಿನಲ್ಲಿ ಸೇರಿವೆ. ಗಿರಣಿಯಲ್ಲಿ ಕರೆಂಟ್ ಬಂದದ್ದಕ್ಕೆ ಕೆಂಪು ಬಲ್ಬು ಹತ್ತುತ್ತದೆ, ಆದ್ದರಿಂದ ಕೆಂಪು. ಮೂಲೆಯಲ್ಲಿ ಚೀಲ ಹೊಲಿಯುವ ಸುತಳಿಯ ತುಂಡು ಬಿದ್ದಿದೆ. ಬಟನ್ ಅದುಮಿ, ಅದನ್ನು ಕೂರಿಸಿದ ಡಬ್ಬಿಯ ಸುತ್ತ ಸುತಳಿ ಬಿಗಿದು ಗಂಟು ಹಾಕುತ್ತೇನೆ. ನಾನು ಮಲಗಿದ ಮೇಲೆ ಎಷ್ಟೋ ಹೊತ್ತಿಗೆ ಕರೆಂಟ್ ಬಂದಿರಬೇಕು. ಬೆಳಗ್ಗೆ ಆರಕ್ಕೆ ಹೋಗಿ ಗಂಟು ಬಿಚ್ಚಿ, ಎಲ್ಲ ಬಟನ್ ಬಂದ್ ಮಾಡಿ ಇಳಿದು ಬಂದೆ. ಕಾಯಿಲ್ ಅಷ್ಟರಲ್ಲಿ ಕಾದು ಜಮಖಾನೆಗೆ ಕಿಡಿ ದಾಟಿಸಿತ್ತು. ಹೊಗೆ ಕೆಳಗಿಳಿಯಲು ಇನ್ನೊಂದು ತಾಸು ಬೇಕಾಯಿತು. ಅಪ್ಪ ನೋಡಿದಾಗ ಎಲ್ಲ ಬಟನ್ ಬಂದ್ ಇದ್ದವು, ಏಕೆಂದರೆ ನಾನು ಬಂದ್ ಮಾಡಿದ್ದೆ.

ಇದನ್ನು ನಾನು ಮರೆತಿದ್ದೆನೇ? ಮರೆತಿದ್ದೆ ಎಂದು ಬರೆಯುವುದು ಸುಲಭ. ಬಾಗಿಲು ಬಡಿದ ಹಾಗೆ ಬಡಿದು ಕೈ ತೆಗೆಯಬೇಕು ಎಂದು ಕಾಕಾ ನನ್ನ ಬೆರಳು ಹಿಡಿದು ಹೇಳಿದ್ದ. ಅಪ್ಪನ ಕಾನೂನು ಕಾಕಾನ ಮಾತಿಗಿಂತ ದೊಡ್ಡದೆಂದು ಕಟ್ಟಿದೆನೇ, ಅಥವಾ ಯೋಚಿಸದೆಯೇ ಕಟ್ಟಿದೆನೇ? ಪಡಸಾಲೆಯಲ್ಲಿ ಕಾಕಾ ನನ್ನ ಮುಂದೆ ಕೂತು ಕೇಳಿದಾಗ ನನ್ನ ಕಣ್ಣ ಮುಂದೆ ಸುತಳಿ ಬಂದಿತ್ತೇ? ಬಂದಿರಲಿಲ್ಲ ಎನ್ನಲು ನನ್ನ ಮಾತೊಂದನ್ನು ಬಿಟ್ಟು ಬೇರೆ ಆಧಾರವಿಲ್ಲ. ಸುಮ್ಮನಿದ್ದರೆ ಸುವರ್ಣಾ ಅಪ್ಪನನ್ನೇ ತಪ್ಪಿತಸ್ಥ ಎಂದುಕೊಂಡು ಬಸ್ಸು ಹತ್ತುತ್ತಿದ್ದಳು. ಅವಳ ಕಣ್ಣು ನನ್ನ ಮೇಲೇ ಇತ್ತು. ಹೇಳಿದೆ. ಹೊತ್ತು ಸಮೇತ ಹೇಳಿದೆ. ನೀಲಮ್ಮ ಚಹಾದ ಕಪ್ಪುಗಳನ್ನು ಎತ್ತಲು ಬಗ್ಗಿದವಳು ಹಾಗೇ ಕೂತಳು.

ಸುವರ್ಣಾ ಅಳಲೂ ಇಲ್ಲ, ಬೈಯಲೂ ಇಲ್ಲ. ಕೈಯಲ್ಲಿದ್ದ ಕಾಯಿಲ್ಲನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಆಮೇಲೆ ಫೋನ್ ಹಚ್ಚಿ, ಸ್ಪೀಕರ್ ಮಾಡಿ ನನ್ನ ಮುಂದಿಟ್ಟಳು. ವೈರಿಂಗ್ ಸರಿ ಇತ್ತೆಂದು ಮಾತ್ರ ತಾನೇ ಹೇಳಿ, ಉಳಿದದ್ದನ್ನು ಅಕ್ಕ ಹೇಳುತ್ತಾಳೆ ಎಂದಳು. ಕಾಕಾನ ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಕಷ್ಟವಾಯಿತು. ಫೋನಿನಲ್ಲಿ ಅಂಗಡಿಯ ಲೇತ್ ಮಷಿನ್ನಿನ ಸದ್ದು ಬರುತ್ತಿತ್ತು, ಅದು ನಿಂತಿತು. ಕಾಕಾ ಯಾರಿಗೋ ನಿಲ್ಲಿಸಲು ಕೈ ಮಾಡಿರಬೇಕು.

"ಅಣ್ಣನ್ನ ಉಳಸಾಕ ಇದನ್ನ ಹೇಳಾಕತ್ತಿಲ್ಲಲ್ಲ ನೀ?"

"ಇಲ್ಲ ಕಾಕಾ."

"ಹಂಗಾದ್ರ ಹೇಳು. ಪಾಯಿಂಟ್ ಎರಡಿದ್ವು. ಅಫಜಲಪುರದ್ದು ಯಾಕ ಕಟ್ಟಲಿಲ್ಲ?"

"ಸುತಳಿ ಸಾಲಲಿಲ್ಲ."

ಇಷ್ಟು ವರ್ಷ ಕಾಕಾ ಅದೊಂದನ್ನೇ ತಲೆಯಲ್ಲಿ ತಿರುಗಿಸಿದ್ದ ಎಂದು ಸುವರ್ಣಾ ಆಮೇಲೆ ಹೇಳಿದಳು: ಹಿಡಿದು ಸುಡುವವನು ಎರಡನ್ನೂ ಸುಡದೆ ಒಂದನ್ನೇ ಯಾಕೆ ಸುಟ್ಟ? ಅಣ್ಣನೇ ಮಾಡಿದ್ದರೆ ಎರಡನ್ನೂ ಸುಡುತ್ತಿದ್ದ, ಅವನು ಅರ್ಧ ಕೆಲಸ ಮಾಡುವವನಲ್ಲ. ಹೀಗಾಗಿ ಮನೆಯವರೆಲ್ಲ ದೊಡ್ಡಪ್ಪನ ಹೆಸರು ಹೇಳುತ್ತಿದ್ದರೂ ಕಾಕಾ ಒಬ್ಬನೇ ಪೂರ್ತಿ ಒಪ್ಪಿರಲಿಲ್ಲ. ನನ್ನ ಉತ್ತರವನ್ನು ಅವನು ನಂಬಿದ. ನಂಬಿದ್ದು ನನ್ನನ್ನಲ್ಲ, ಸುತಳಿಯನ್ನು.

"ಬರದು ಕೊಡು," ಎಂದ.

"ಯಾರ ಹೆಸರಿಗಿ ಬರೀಲಿ ಕಾಕಾ?"

"ನಿಮ್ಮಪ್ಪನ ಹೆಸರಿಗಿ. ನನ್ನ ವೈರಿಂಗ್ ಸರಿ ಅದ ಅಂತ ನನಗ ಅವತ್ತಽ ಗೊತ್ತಿತ್ತು. ಗೊತ್ತಾಗಬೇಕಾಗಿದ್ದು ಅಣ್ಣಗ."

ಫೋನ್ ಇಟ್ಟ. ನೀಲಮ್ಮ ರೊಟ್ಟಿ ಬಡಿದಳು, ನಾವು ಉಂಡೆವು. ಸುವರ್ಣಾ ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡಳು. ಊಟದ ಮೇಲೆ ಅವಳು ಪಾಯಿಂಟ್‌ಗಳ ಹಳೆಯ ವೈರ್ ಬಿಚ್ಚಿ, ಹೊಸ ವೈರಿಗೆ ಕಾಕಾನ ಕ್ರಮದಲ್ಲೇ ತವರದ ಬೆಸುಗೆ ಹಾಕಿ ಕೂಡಿಸಿದಳು: ನಡುವೆ ಒಂದು, ಅತ್ತ ಒಂದು, ಇತ್ತ ಒಂದು. ಸತ್ತ ಕಾಯಿಲ್ಲಿನ ಜಾಗ ಖಾಲಿ ಬಿಟ್ಟಳು, ಸುತ್ತಿ ತರುತ್ತೇನೆ ಎಂದಳು. ಯಾವಾಗ ಎಂದು ನಾನು ಕೇಳಲಿಲ್ಲ. ನಾನು ಗೆರೆಯ ಹಾಳೆ ತೆಗೆದು ಬರೆಯಲು ಕೂತೆ. ಸತ್ತವರಿಗೆ ಬರೆದು ಅಭ್ಯಾಸವಿಲ್ಲ. ಶಾಲೆಯಲ್ಲಿ ಕಲಿತ ರೀತಿಯಲ್ಲೇ ಬರೆದೆ.

"ತೀರ್ಥರೂಪ ಅಪ್ಪನವರಿಗೆ ಜಗದೇವಿಯ ಶರಣು. ಮಾಳಿಗೆ ಕೋಣೆಯ ರೈಲಿನ ಆಳಂದ ಪಾಯಿಂಟಿನ ಕೆಂಪು ಬಟನ್ನನ್ನು ಸಂಜೆ ಆರಕ್ಕೆ ಸುತಳಿಯಿಂದ ಕಟ್ಟಿದವಳು ನಾನು. ಬೆಳಗ್ಗೆ ಆರಕ್ಕೆ ಬಿಚ್ಚಿದವಳೂ ನಾನು. ಇದನ್ನು ತಿಳಿಯದೆ ಮಾಡಿದೆ. ಸಿದ್ದಣ್ಣ ಕಾಕಾನ ವೈರಿಂಗ್‌ನಲ್ಲಿ ತಪ್ಪಿಲ್ಲ; ಇಂದು ಮೂವರೆದುರು ಮೀಟರ್ ಹಿಡಿದು ನೋಡಿದ್ದೇವೆ."

ನೀಲಮ್ಮ ಸಾಕ್ಷಿಯ ಸಹಿ ಹಾಕಿದಳು. ಸುವರ್ಣಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಒಂದು ಪದದ ಮೇಲೆ ಬೆರಳಿಟ್ಟಳು. 'ತಿಳಿಯದೆ'.

"ಇದು ಖಾತ್ರಿ ಅದ ಏನು?"

ಖಾತ್ರಿ ಇರಲಿಲ್ಲ. ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಹಾಳೆ ಗಲೀಜಾಗಿ ಕಂಡಿತು. ಬೇರೆ ಹಾಳೆಯಲ್ಲಿ ಶುದ್ಧವಾಗಿ ಬರೆದುಕೊಡುತ್ತೇನೆ, ಐದು ನಿಮಿಷ ಕೂಡು ಎಂದೆ. ಕಲಬುರಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇಡ ಅಕ್ಕಾ, ಹೊಡೆದದ್ದು ಕಾಣಲಿ, ಎಂದಳು ಸುವರ್ಣಾ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅವಳ ಕೈಗೆ ಕೊಟ್ಟೆ.